ಕಣ್ಣಿನ ರೋಗಗಳೂ ಅವುಗಳ ಪರಿಶೋಧನೆಯೂ



ಒಂದೇ ಬೀದಿಯಲ್ಲಿ ಇಬ್ಬರು ಮುದುಕಿಯರು ಇದ್ದಾರೆಂದು ಎಣಿಸೋಣ. ಇಬ್ಬರಿಗೂ ಕಣ್ಣು ಕಾಣಿಸುವದಿಲ್ಲ. ಇಬ್ಬರೂ ಮೊಮ್ಮಕ್ಕಳ ಕೈ ಹಿಡಿದೇ ಹಿತ್ತಲಿಗೆ ಹೋಗಬೇಕು. ಊರವರು ಇಬ್ಬರನ್ನೂ ಕುರಿತು, “ಅವ್ವನಿಗೆ ವಯಸ್ಸಾಯಿತು, ಕಣ್ಣು ಹೋಯಿತು, ಇನ್ನೇನು ಮಾಡಲಿಕ್ಕಾದೀತು?” ಎಂದು ಒಂದೇ ಮಾತನ್ನು ಆಡುತ್ತಾರೆ. ಆದರೆ ಮೊದಲನೆಯವಳನ್ನು ಆಸ್ಪತ್ರೆಗೆ ಕರಕೊಂಡು ಹೋದರೆ ಅರ್ಧ ತಾಸಿನ ಶಸ್ತ್ರಕ್ರಿಯೆಯಿಂದ ಆಕೆಗೆ ದೃಷ್ಟಿ ಬರುವದು. ಮಾರನೆಯ ದಿನವೇ ಮೊಮ್ಮಗನ ಮುಖವನ್ನು ಕಾಣುವಳು. ಎರಡನೆಯವಳಿಗಾದರೋ ಲೋಕದ ಯಾವ ಡಾಕ್ಟರರೂ ಹೋದ ದೃಷ್ಟಿಯನ್ನು ತಿರಿಗಿ ಕೊಡಲಾರರು. ಹತ್ತು ವರುಷ ಮುಂಚಿತವಾಗಿ ಬಂದಿದ್ದರೆ ಮಾತ್ರ ಇದ್ದದ್ದನ್ನು ಉಳಿಸಬಹುದಾಗಿತ್ತು.

ಹೊರಗಿನಿಂದ ಒಂದೇ ವಿಧವಾಗಿ ತೋರುವ ಕುರುಡುತನಗಳೊಳಗೆ ಇಷ್ಟು ಭೇದವಿರುವದನ್ನು ಮನುಷ್ಯರು ಹೇಗೆ ಕಂಡುಕೊಂಡರು? ಯಾವ ರೋಗಕ್ಕೆ ಯಾವ ಕಾರಣವೆಂಬದು ಹೇಗೆ ತಿಳಿದುಬಂತು? ಇದನ್ನು ಬಲ್ಲವನು ತನ್ನ ಮನೆಯವರ ಕಣ್ಣನ್ನು ಕಾಪಾಡುವನು. ಅರಿಯದವನು “ಹಣೆಬರಹ” ಎಂದು ಕೂತುಕೊಳ್ಳುವನು. ಆದಕಾರಣ ಈ ಸಂಗತಿಯನ್ನು ಕ್ರಮವಾಗಿ ನೋಡೋಣ.

1. ಕಣ್ಣಿನ ಕಟ್ಟಡ

ರೋಗವನ್ನು ತಿಳಿಯುವ ಮೊದಲು ಕಣ್ಣನ್ನು ತಿಳಿಯಬೇಕು. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನ ಹಾಗೆ ಸ್ವಚ್ಛವಾದ ಒಂದು ಪಟಲವಿದೆ. ಇದನ್ನು ಪಾರದರ್ಶಕ ಪಟಲವೆನ್ನುತ್ತಾರೆ. ಅದರ ಹಿಂದೆ ಕಪ್ಪು ಅಥವಾ ಕಂದು ಬಣ್ಣದ ಪರದೆಯೂ, ಆ ಪರದೆಯ ನಡುವೆ ಪಾಪೆ ಎಂಬ ದುಂಡಾದ ಕಿಂಡಿಯೂ ಇವೆ. ಕಿಂಡಿಯ ಹಿಂದೆ ಚನ್ನಂಗಿ ಬೇಳೆಯ ಆಕಾರದ ಮಸೂರವಿದೆ. ಮಸೂರವೆಂಬ ಹೆಸರೇ ಆ ಬೇಳೆಯಿಂದ ಬಂದದ್ದು. ಕಣ್ಣಿನ ಹಿಂಗೋಡೆಗೆ ಒಳಗಡೆಯಿಂದ ಹಾಸಿರುವ ತೆಳುವಾದ ಪೊರೆಗೆ ಅಕ್ಷಿಪಟಲವೆಂದು ಹೆಸರು. ಅಲ್ಲಿಂದ ದೃಷ್ಟಿನರವು ಮೆದುಳಿಗೆ ಹೋಗುತ್ತದೆ.

ಬೆಳಕು ಮುಂಗಾಜನ್ನೂ ಕಿಂಡಿಯನ್ನೂ ದಾಟಿ, ಮಸೂರದಿಂದ ಕೂಡಿಸಲ್ಪಟ್ಟು, ಅಕ್ಷಿಪಟಲದ ಮೇಲೆ ಚಿತ್ರವಾಗಿ ಬೀಳುವದು. ನರವು ಆ ವರ್ತಮಾನವನ್ನು ಮೆದುಳಿಗೆ ಮುಟ್ಟಿಸುವದು. ಈ ದಾರಿಯಲ್ಲಿ ಎಲ್ಲಿ ತಡೆ ಉಂಟಾದರೂ ಕಣ್ಣು ಮಂಜಾಗುವದು. ಗಾಜು ಕಲೆಯಾದರೆ ಬದಲಾಯಿಸಬಹುದು, ಮಸೂರ ಮಬ್ಬಾದರೆ ತೆಗೆದು ಬೇರೆ ಇಡಬಹುದು. ನರವು ಸತ್ತರೆ ಅದಕ್ಕೆ ಬದಲು ಇಲ್ಲ. ನಾವು ಮೊದಲು ಹೇಳಿದ ಇಬ್ಬರು ಮುದುಕಿಯರಲ್ಲಿ ಒಬ್ಬಾಕೆಯ ಮಸೂರ ಕೆಟ್ಟಿತ್ತು, ಮತ್ತೊಬ್ಬಾಕೆಯ ನರ ಕೆಟ್ಟಿತ್ತು. ಇಷ್ಟೇ ಭೇದ, ಆದರೆ ಇದು ಬೆಳಕಿಗೂ ಕತ್ತಲೆಗೂ ಇರುವ ಭೇದ.

2. ಕಣ್ಣೊಳಗೆ ನೋಡಿದ ಕನ್ನಡಿ

ಇನ್ನೂರು ವರುಷಗಳ ಹಿಂದೆ ಬದುಕಿದ ಮನುಷ್ಯನ ಕಣ್ಣಿನ ಒಳಗನ್ನು ವೈದ್ಯರು ನೋಡಲಾರದೆ ಇದ್ದರು. ಪಾಪೆಯು ಅವರಿಗೆ ಕಪ್ಪಾಗಿಯೇ ಕಾಣುತ್ತಿತ್ತು. ಯಾಕಂದರೆ ಒಳಗೆ ಹೋದ ಬೆಳಕು ಬಂದ ದಾರಿಯಿಂದಲೇ ಹಿಂದಿರುಗುತ್ತದೆ; ನೋಡುವವನು ಆ ದಾರಿಯಲ್ಲಿ ತಲೆಯಿಟ್ಟರೆ ಅವನ ತಲೆಯೇ ಬೆಳಕನ್ನು ಮರೆಮಾಡುವದು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ಪಂಡಿತರು ಈ ತೊಡಕನ್ನು ಬಿಡಿಸಿದರು. ಅವರು ದೀಪದ ಬೆಳಕನ್ನು ಓರೆಯಾಗಿ ಹಿಡಿದ ಗಾಜಿನಿಂದ ಕಣ್ಣೊಳಗೆ ಕಳುಹಿಸಿ, ಅದೇ ಗಾಜಿನ ಮೂಲಕ ಹಿಂದಿರುಗಿದ ಬೆಳಕನ್ನು ನೋಡುವ ಉಪಾಯವನ್ನು ಕಂಡುಹಿಡಿದು, 1851ರಲ್ಲಿ ಆ ಉಪಕರಣವನ್ನು ಪ್ರಕಟಿಸಿದರು. ಅದನ್ನು ನೇತ್ರದರ್ಶಕವೆನ್ನಬಹುದು.

ಆಗ ಮೊದಲ ಸಲ ಬದುಕಿರುವವರ ಅಕ್ಷಿಪಟಲವೂ ಅದರ ಮೇಲಿನ ರಕ್ತನಾಳಗಳೂ ದೃಷ್ಟಿನರದ ಮೊದಲೂ ವೈದ್ಯರಿಗೆ ಕಂಡವು. ಅದಕ್ಕೆ ಮುಂಚೆ “ಕಣ್ಣು ಚೆನ್ನಾಗಿಯೇ ಇದೆ, ಆದರೂ ಕಾಣುವದಿಲ್ಲ” ಎಂದು ಕೈಬಿಟ್ಟಿದ್ದ ಎಷ್ಟೋ ರೋಗಗಳಿಗೆ ಕಾರಣವು ಸಿಕ್ಕಿತು. ಈ ದಿನವೂ ಆಸ್ಪತ್ರೆಯಲ್ಲಿ ಡಾಕ್ಟರರು ಪಾಪೆ ಅಗಲವಾಗುವ ಔಷಧವನ್ನು ಬಿಟ್ಟು, ಕತ್ತಲೆಯ ಕೋಣೆಯಲ್ಲಿ ದೀಪ ಹಿಡಿದು ನೋಡುವದು ಇದರ ಮುಂದುವರಿಕೆಯೇ. ಕೆಲವರು ಆ ಔಷಧದಿಂದ ಕಣ್ಣು ಮಂಜಾಯಿತೆಂದು ಹೆದರಿ ಎದ್ದು ಹೋಗುತ್ತಾರೆ. ಆ ಮಂಜು ಕೆಲವು ತಾಸುಗಳಲ್ಲಿ ತಾನಾಗಿ ಹೋಗುವದು. ಪರೀಕ್ಷೆ ತಪ್ಪಿದರೆ ಆಗುವ ನಷ್ಟವಾದರೋ ಹಾಗೆ ಹೋಗುವದಲ್ಲ.

3. ಪೊರೆ

ನಮ್ಮ ಭಾಷೆಯಲ್ಲಿ “ಕಣ್ಣಿಗೆ ಪೊರೆ ಬಂತು” ಎಂದು ಹೇಳುತ್ತೇವೆ. ಹಾವಿನ ಪೊರೆಯಂತೆ ಯಾವದೋ ಒಂದು ತೆಳುವಾದ ಹೊದಿಕೆ ಕಣ್ಣಿನ ಮೇಲೆ ಬೆಳೆಯುವದೆಂಬ ಎಣಿಕೆ ಈ ಮಾತಿನಲ್ಲಿ ಅಡಗಿದೆ. ಪೂರ್ವದ ಪಂಡಿತರೂ ಹಾಗೆಯೇ ಎಣಿಸಿದ್ದರು. ಐರೋಪ್ಯ ವೈದ್ಯರು ಮಸೂರದ ಮುಂದೆ ಒಂದು ಪರದೆ ಇಳಿಯುವದೆಂದು ಶತಮಾನಗಳ ತನಕ ಕಲಿಸಿದರು. 1705ರಲ್ಲಿ ಬ್ರಿಸ್ಸೋ ಎಂಬ ಫ್ರೆಂಚ್ ವೈದ್ಯರು ಸತ್ತ ಸಿಪಾಯಿಯೊಬ್ಬನ ಕಣ್ಣನ್ನು ಕೊಯ್ದು ನೋಡಿದಾಗ ಪರದೆ ಯಾವದೂ ಇರಲಿಲ್ಲ, ಮಸೂರವೇ ಮಬ್ಬಾಗಿತ್ತು. ಆದ್ದರಿಂದ ಪೊರೆಯೆಂಬದು ಮೇಲೆ ಬೆಳೆದ ವಸ್ತುವಲ್ಲ. ಕೋಳಿಮೊಟ್ಟೆಯ ಬಿಳಿಯು ಬೇಯುವಾಗ ಹೇಗೆ ಬೆಳ್ಳಗಾಗುವದೋ ಹಾಗೆ ಸ್ವಚ್ಛವಾದ ಮಸೂರವು ವಯಸ್ಸಿನಿಂದಲೂ ಬೇರೆ ಕಾರಣಗಳಿಂದಲೂ ಮಬ್ಬಾಗುವದೇ ಪೊರೆ. ಇದನ್ನು ತಿಳಿದವನು, ಔಷಧ ಹಾಕಿ ಪೊರೆಯನ್ನು ಕರಗಿಸುತ್ತೇನೆಂದು ಹೇಳುವವರ ಮಾತಿಗೆ ಮೋಸಹೋಗನು. ಬೆಂದ ಮೊಟ್ಟೆಯನ್ನು ಹಸಿ ಮಾಡುವ ಔಷಧವುಂಟೋ?

ಇದರ ಚಿಕಿತ್ಸೆಯು ನಮ್ಮ ದೇಶದಲ್ಲಿ ಬಹು ಹಳೆಯದು. ಸುಶ್ರುತ ಸಂಹಿತೆಯಲ್ಲಿ ಶಲಾಕೆಯೆಂಬ ಸೂಜಿಯಿಂದ ಪೊರೆಯನ್ನು ಚಿಕಿತ್ಸಿಸುವ ಕ್ರಮವು ಹೇಳಲ್ಪಟ್ಟಿದೆ. ಊರೂರು ಸುತ್ತುವ ಕಣ್ಣು ವೈದ್ಯರು ಬಹುಕಾಲ ಸೂಜಿಯಿಂದ ಮಸೂರವನ್ನು ಪಾಪೆಯ ಹಿಂದಿನಿಂದ ಕೆಳಗೆ ತಳ್ಳುತ್ತಿದ್ದರು. ಕೂಡಲೆ ಬೆಳಕು ಕಾಣುತ್ತಿತ್ತು. ಆದರೆ ಮಸೂರವು ಒಳಗೇ ಉಳಿಯುತ್ತಿದ್ದದರಿಂದ ಅನೇಕರ ಕಣ್ಣು ಉರಿಯೆದ್ದು ಪೂರ್ಣವಾಗಿ ಕೆಡುತ್ತಿತ್ತು. 1747ರಲ್ಲಿ ಫ್ರಾನ್ಸ್ ದೇಶದ ಡಾವಿಯೆಲ್ ಎಂಬವರು ಕಣ್ಣನ್ನು ಕೊಯ್ದು ಕೆಟ್ಟ ಮಸೂರವನ್ನು ಹೊರಗೆ ತೆಗೆದರು. ಆಗ ನೋವು ಹೋಗಿಸುವ ಔಷಧ ಇರಲಿಲ್ಲ. ರೋಗಿಯನ್ನು ಜನರು ಬಿಗಿಯಾಗಿ ಹಿಡಿಯಬೇಕಾಗಿತ್ತು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲ್ಲರ್ ಎಂಬ ತರುಣ ವೈದ್ಯರು, ಕೋಕಾ ಎಲೆಯಿಂದ ಮಾಡಿದ ಔಷಧದ ತೊಟ್ಟುಗಳಿಂದ ಕಣ್ಣು ಜೋಮುಹಿಡಿಯುವದೆಂದು ತೋರಿಸಿದ ಮೇಲೆ ಆ ಸಂಕಟವು ನೀಗಿತು.

ಆದರೂ ಒಂದು ಕೊರತೆ ಉಳಿಯಿತು. ಮಸೂರವಿಲ್ಲದ ಕಣ್ಣಿಗೆ ಬೆಳಕನ್ನು ಸರಿಯಾಗಿ ಕೂಡಿಸುವಷ್ಟು ಶಕ್ತಿಯಿಲ್ಲ. ಆದ್ದರಿಂದ ಶಸ್ತ್ರಕ್ರಿಯೆಯಾದವರು ಬಹಳ ದಪ್ಪವಾದ ಕನ್ನಡಕವನ್ನು ಹಾಕಿಕೊಳ್ಳಬೇಕಾಗಿತ್ತು. ಕನ್ನಡಕ ಒಡೆದರೆ ತಿರಿಗಿ ಕುರುಡರಂತೆಯೇ. ನಮ್ಮ ಅಜ್ಜಂದಿರ ಮುಖದ ಮೇಲೆ ಆ ಕನ್ನಡಕಗಳನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ.

ಈ ಕೊರತೆಯು ತೀರಿದ್ದು ವಿಚಿತ್ರವಾದ ರೀತಿಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ವಿಮಾನಗಳ ಮುಚ್ಚಳವು ಗುಂಡು ತಗಲಿ ಒಡೆದಾಗ ಅದರ ಚೂರುಗಳು ವೈಮಾನಿಕರ ಕಣ್ಣಿಗೆ ಸಿಡಿದವು. ಆ ಮುಚ್ಚಳವು ಗಾಜಿನಂತೆ ತೋರುವ ಒಂದು ತರದ ಪ್ಲಾಸ್ಟಿಕಿನದು. ಹೊರಗಿನ ವಸ್ತು ಕಣ್ಣಿಗೆ ಹೊಕ್ಕರೆ ಕಣ್ಣು ಉರಿದು ಕೀವಾಗುವದೇ ವಾಡಿಕೆ. ಆದರೆ ಈ ಚೂರುಗಳು ಸುಮ್ಮನೆ ಇದ್ದವು. ಕಣ್ಣು ಅವುಗಳನ್ನು ಸಹಿಸಿಕೊಂಡಿತು. ಲಂಡನಿನ ಹೆರಲ್ಡ್ ರಿಡ್ಲೆ ಎಂಬ ವೈದ್ಯರು ಇದನ್ನು ಗಮನಿಸಿದರು. ಒಂದು ಸಾರಿ ಶಸ್ತ್ರಕ್ರಿಯೆಯನ್ನು ನೋಡುತ್ತಿದ್ದ ವಿದ್ಯಾರ್ಥಿಯೊಬ್ಬನು, ತೆಗೆದ ಮಸೂರದ ಬದಲು ಬೇರೊಂದನ್ನು ಯಾಕೆ ಇಡುವದಿಲ್ಲವೆಂದು ಕೇಳಿದನಂತೆ. ರಿಡ್ಲೆಯವರು ಅದೇ ಪ್ಲಾಸ್ಟಿಕಿನಿಂದ ಮಸೂರವನ್ನು ಮಾಡಿಸಿ, 1949ರ ನವಂಬರ 29ರಂದು ಒಬ್ಬ ಸ್ತ್ರೀಯ ಕಣ್ಣಿನಲ್ಲಿ ಇಟ್ಟರು. ಬಹು ಮಂದಿ ಹೆಸರಾದ ಡಾಕ್ಟರರು ಇದನ್ನು ಹುಚ್ಚು ಸಾಹಸವೆಂದು ಬಹಳ ವರುಷ ವಿರೋಧಿಸಿದರು. ಕೊನೆಗೆ ಸತ್ಯವು ನಿಂತಿತು. ತಮ್ಮ ವೃದ್ಧಾಪ್ಯದಲ್ಲಿ ರಿಡ್ಲೆಯವರಿಗೇ ಪೊರೆ ಬಂದಾಗ, ತಾವು ಕಂಡುಹಿಡಿದ ತರದ ಮಸೂರವನ್ನೇ ತಮ್ಮ ಕಣ್ಣಿನಲ್ಲಿ ಇಡಿಸಿಕೊಂಡರು.

1967ರಲ್ಲಿ ಅಮೇರಿಕದ ಕೆಲ್ಮನ್ ಎಂಬವರು, ಹಲ್ಲು ತೊಳೆಯುವ ದಂತವೈದ್ಯರ ಕಂಪನಯಂತ್ರವನ್ನು ನೋಡಿ, ಅಂಥದೇ ಸೂಕ್ಷ್ಮ ಕಂಪನದಿಂದ ಮಸೂರವನ್ನು ಒಡೆದು ಸಣ್ಣ ಗಾಯದಿಂದ ಹೀರಿ ತೆಗೆಯುವ ಕ್ರಮವನ್ನು ತಂದರು. ಆದರೂ ಹೊರದೇಶದ ಮಸೂರಗಳ ಬೆಲೆ ಬಡವರಿಗೆ ಎಟುಕುತ್ತಿರಲಿಲ್ಲ. ಡಾಕ್ಟರ್ ವೆಂಕಟಸ್ವಾಮಿಯವರು 1976ರಲ್ಲಿ ಮದುರೆಯಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆಯವರು, 1992ರಲ್ಲಿ ಮಸೂರಗಳನ್ನು ಅಲ್ಲಿಯೇ ಮಾಡುವ ಕಾರ್ಖಾನೆಯನ್ನು ತೆರೆದದ್ದರಿಂದ ಬೆಲೆ ಬಹಳ ಇಳಿಯಿತು. ನಮ್ಮ ನಾಡಿನ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಹಳ್ಳಿಹಳ್ಳಿಗೆ ಹೋಗಿ ಶಿಬಿರಗಳನ್ನು ಹೂಡಿ ಅಸಂಖ್ಯಾತ ಬಡವರ ಪೊರೆಯನ್ನು ತೆಗೆದರು. 2005ರಲ್ಲಿ ಅವರು ತೀರಿಹೋದರೂ ಅವರಿಂದ ಕಣ್ಣು ಪಡೆದವರ ಮನೆಗಳು ನಾಡಿನಲ್ಲೆಲ್ಲಾ ಇವೆ. ಈಗಿನ ಶಿಬಿರಗಳಲ್ಲಿ ಪರೀಕ್ಷೆಯನ್ನು ಮಾತ್ರ ಮಾಡಿ, ನಂಜು ತಗಲದಂತೆ ಶಸ್ತ್ರಕ್ರಿಯೆಯನ್ನು ಆಸ್ಪತ್ರೆಯಲ್ಲಿಯೇ ಮಾಡುವದು ಕ್ರಮ.

4. ಇರುಳುಗುರುಡು

ದೊಡ್ಡವರ ಕಣ್ಣನ್ನು ಪೊರೆಯು ಕೆಡಿಸಿದರೆ ಚಿಕ್ಕ ಮಕ್ಕಳ ಕಣ್ಣನ್ನು ಹಸಿವೆಯು ಕೆಡಿಸುವದು. ಸಾಯಂಕಾಲವಾಗುತ್ತಲೇ ಮಗುವು ಆಟ ಬಿಟ್ಟು ಮೂಲೆಯಲ್ಲಿ ಕೂಡುವದು, ಗಂಗಾಳವನ್ನು ಕೈಯಿಂದ ತಡಕಾಡುವದು, ಹೊಸ್ತಿಲಿಗೆ ಎಡವುವದು. ತಾಯಿಯು ಇದನ್ನು ಸೋಮಾರಿತನವೆಂದು ಎಣಿಸುವಳು. ತರುವಾಯ ಕಣ್ಣಿನ ಬಿಳಿಯು ಒಣಗಿ ಹೊಳಪು ಕಳಕೊಳ್ಳುವದು. ಆಗಲೂ ಉದಾಸೀನ ಮಾಡಿದರೆ, ಮುಂದೆ ದಡಾರ ಇಲ್ಲವೆ ಭೇದಿ ಬಂದ ಒಂದೇ ವಾರದಲ್ಲಿ ಮುಂಗಾಜು ಕರಗಿಹೋಗಿ ಮಗುವು ಎಂದೆಂದಿಗೂ ಕುರುಡಾಗಬಹುದು.

ಪ್ರಾಚೀನ ಐಗುಪ್ತದವರು ಈ ರೋಗಕ್ಕೆ ಪಶುವಿನ ಯಕೃತ್ತನ್ನು ಔಷಧವಾಗಿ ಹೇಳಿದ್ದರು; ಆದರೆ ಅದರಿಂದ ಯಾಕೆ ವಾಸಿಯಾಗುವದೆಂದು ಯಾರೂ ಅರಿಯರು. 1904ರಲ್ಲಿ ಜಪಾನಿನ ಮೋರಿ ಎಂಬ ವೈದ್ಯರು, ಈ ರೋಗವು ಮೀನುಗಾರರ ಮಕ್ಕಳಲ್ಲಿ ಇಲ್ಲದೆ ಮೀನು ತಿನ್ನದ ಒಳನಾಡಿನ ಮಕ್ಕಳಲ್ಲಿ ಇರುವದನ್ನು ಕಂಡು, ಮೀನಿನ ಯಕೃತ್ತಿನ ಎಣ್ಣೆಯಿಂದ ಅದು ವಾಸಿಯಾಗುವದೆಂದು ಬರೆದರು. ಕೊಬ್ಬು ಸಾಲದೆ ಈ ರೋಗ ಬರುವದೆಂದು ಅವರು ಊಹಿಸಿದರು. ಊಹೆಯು ಸತ್ಯಕ್ಕೆ ಹತ್ತಿರವಾಗಿತ್ತು.

ಇದಕ್ಕಿಂತಲೂ ನಮಗೆ ಬುದ್ಧಿ ಕಲಿಸುವ ಸಂಗತಿಯು ಡೆನ್ಮಾರ್ಕ್ ದೇಶದಲ್ಲಿ ನಡೆಯಿತು. ಅದು ಹಾಲು ಬೆಣ್ಣೆಗಳ ದೇಶ. ಒಂದನೆಯ ಮಹಾಯುದ್ಧದ ಕಾಲದಲ್ಲಿ ಬೆಣ್ಣೆಗೆ ಹೊರಗೆ ಒಳ್ಳೇ ಬೆಲೆ ಬಂತು. ಆದ್ದರಿಂದ ಬೆಣ್ಣೆಯನ್ನೆಲ್ಲಾ ಮಾರಿಬಿಟ್ಟು, ಬಡವರ ಮಕ್ಕಳಿಗೆ ಬೆಣ್ಣೆ ತೆಗೆದ ಹಾಲನ್ನೂ ಸಸ್ಯದ ಎಣ್ಣೆಯಿಂದ ಮಾಡಿದ ಕೃತಕ ಬೆಣ್ಣೆಯನ್ನೂ ಕೊಡುತ್ತಿದ್ದರು. ಆ ಮಕ್ಕಳ ಕಣ್ಣುಗಳು ಒಣಗಿ ಕೆಟ್ಟವು. ಬ್ಲಾಕ್ ಎಂಬ ಮಕ್ಕಳ ವೈದ್ಯರು ಕಾರಣವನ್ನು ಹುಡುಕಿ, ಕೆನೆಯುಳ್ಳ ಹಾಲಿನಿಂದಲೂ ಮೀನೆಣ್ಣೆಯಿಂದಲೂ ಅವರನ್ನು ಗುಣಪಡಿಸಿದರು. ಯುದ್ಧದ ಕೊನೆಯಲ್ಲಿ ಸಮುದ್ರದ ದಾರಿ ಕಟ್ಟಿಹೋಗಲು, ಸರಕಾರವು ಬೆಣ್ಣೆಯನ್ನು ದೇಶದೊಳಗೆ ಎಲ್ಲರಿಗೂ ಅಳತೆಯ ಪ್ರಕಾರ ಹಂಚಿತು. 1918ರಲ್ಲಿ ಆ ರೋಗವು ಮಾಯವಾಯಿತು.

ವಾಚಕರೇ, ಇದು ದೂರದೇಶದ ಕಥೆಯೆಂದು ತಿಳಿಯಬೇಡಿರಿ. ಮನೆಯ ಹಾಲನ್ನೆಲ್ಲಾ ಡೇರಿಗೆ ಹಾಕಿ, ಮೊಟ್ಟೆಯನ್ನೆಲ್ಲಾ ಸಂತೆಗೆ ಕಳುಹಿಸಿ, ಮಕ್ಕಳಿಗೆ ಬರೀ ಕರಿ ಚಹವನ್ನೂ ಮುದ್ದೆ ಸಾರನ್ನೂ ಕೊಡುವ ಮನೆಗಳು ನಮ್ಮಲ್ಲಿ ಇಲ್ಲವೋ?

ಅಷ್ಟರಲ್ಲಿ 1913ರಲ್ಲಿ ಅಮೇರಿಕದ ಮೆಕಾಲಮ್ ಮತ್ತು ಮಿಸ್ ಡೇವಿಸ್ ಎಂಬವರು ಇಲಿಗಳಿಗೆ ಬೇರೆ ಬೇರೆ ಆಹಾರವನ್ನು ತಿನ್ನಿಸಿ ಪರೀಕ್ಷಿಸಿ, ಬೆಣ್ಣೆಯಲ್ಲಿಯೂ ಮೊಟ್ಟೆಯ ಹಳದಿಯಲ್ಲಿಯೂ ಜೀವಕ್ಕೆ ಅವಶ್ಯವಾದ ಒಂದು ವಸ್ತುವಿದೆಯೆಂದು ಕಂಡಿದ್ದರು. ಅದಕ್ಕೇ ಈಗ ಎ ಜೀವಸತ್ವವೆಂದು ಹೆಸರು. 1933ರಲ್ಲಿ ಜಾರ್ಜ್ ವಾಲ್ಡ್ ಎಂಬವರು ಈ ವಸ್ತುವು ಅಕ್ಷಿಪಟಲದಲ್ಲಿಯೇ ಇರುವದೆಂದು ಕಂಡರು. ಮಸುಕು ಬೆಳಕಿನಲ್ಲಿ ನೋಡಲಿಕ್ಕೆ ಬೇಕಾದ ಬಣ್ಣವು ಅದರಿಂದಲೇ ಉಂಟಾಗುವದು. ಆದದರಿಂದ ಅದು ಕಡಿಮೆಯಾದಾಗ ಮೊದಲು ಸಂಜೆಯ ದೃಷ್ಟಿ ಹೋಗುವದು. ಆಮೇಲೆ ಆಲ್ಫ್ರೆಡ್ ಸೊಮ್ಮರ್ ಎಂಬ ವೈದ್ಯರು ಇಂದೋನೇಷ್ಯದ ಸುಮಾತ್ರಾ ದ್ವೀಪದ 450 ಗ್ರಾಮಗಳಲ್ಲಿ ಪರೀಕ್ಷೆ ನಡಿಸಿದರು. ಅರ್ಧ ಗ್ರಾಮಗಳ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎ ಜೀವಸತ್ವವನ್ನು ಕೊಟ್ಟರು. 1986ರಲ್ಲಿ ಪ್ರಕಟವಾದ ಫಲವು ವೈದ್ಯಲೋಕವನ್ನು ಬೆರಗುಗೊಳಿಸಿತು: ಕಣ್ಣು ಮಾತ್ರವಲ್ಲ, ಮಕ್ಕಳ ಪ್ರಾಣವೇ ಉಳಿಯಿತು, ಔಷಧ ಕೊಟ್ಟ ಗ್ರಾಮಗಳಲ್ಲಿ ಮಕ್ಕಳ ಮರಣವು ಸುಮಾರು ಮೂರರಲ್ಲೊಂದು ಪಾಲು ಕಡಿಮೆಯಾಗಿತ್ತು.

ನಮ್ಮ ಸರಕಾರದವರು ಮಕ್ಕಳಿಗೆ ಒಂಭತ್ತನೆಯ ತಿಂಗಳಿಂದ ಐದು ವರುಷದ ವರೆಗೆ ಆರು ತಿಂಗಳಿಗೊಮ್ಮೆ ಈ ಔಷಧವನ್ನು ಕುಡಿಸುತ್ತಾರೆ. ಅಂಗನವಾಡಿಯಲ್ಲಿ ಕರೆದಾಗ ತಪ್ಪಿಸಬೇಡಿರಿ. ನುಗ್ಗೆಸೊಪ್ಪು, ಹರಿವೆಸೊಪ್ಪು, ಮಾಗಿದ ಪಪಾಯಿ, ಮಾವಿನ ಹಣ್ಣು, ಸಿಹಿಕುಂಬಳ, ಮೊಟ್ಟೆ ಇವುಗಳಲ್ಲಿ ಈ ಸತ್ವವೋ, ಶರೀರವು ಅದನ್ನು ಮಾಡಿಕೊಳ್ಳುವ ಪದಾರ್ಥವೋ ಇದೆ. ಸೊಪ್ಪಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟರೆ ಅದು ಮೈಗೆ ಚೆನ್ನಾಗಿ ಹತ್ತುವದು.

5. ಕಣ್ಣಿನ ಹೂವು

ಮುಂಗಾಜಿನ ಮೇಲೆ ಗಾಯವಾಗಿ ಮಾದ ಮೇಲೆ ಉಳಿಯುವ ಬಿಳೀ ಕಲೆಗೆ ಜನರು ಹೂವೆನ್ನುತ್ತಾರೆ. ಇದಕ್ಕೆ ಕಾರಣಗಳು ಹಲವು.

ಪೂರ್ವದಲ್ಲಿ ಹೆರಿಗೆಯ ಕಾಲದಲ್ಲಿಯೇ ತಾಯಿಯ ರೋಗವು ತಗಲಿ ಎಷ್ಟೋ ಕೂಸುಗಳ ಕಣ್ಣು ಹೋಗುತ್ತಿತ್ತು. ಜರ್ಮನಿಯ ಕ್ರೇಡೆ ಎಂಬ ಪ್ರಸೂತಿ ವೈದ್ಯರು ಹುಟ್ಟಿದ ಕೂಸಿನ ಕಣ್ಣನ್ನು ಒರಸಿ, ಬೆಳ್ಳಿಯ ಲವಣದ ತಿಳಿನೀರನ್ನು ಒಂದೊಂದು ತೊಟ್ಟು ಹಾಕತೊಡಗಿದರು. ಅವರ ಆಸ್ಪತ್ರೆಯಲ್ಲಿ ನೂರಕ್ಕೆ ಹತ್ತರಷ್ಟು ಕೂಸುಗಳಿಗೆ ಬರುತ್ತಿದ್ದ ಆ ರೋಗವು ನೂರಕ್ಕೆ ಒಂದಕ್ಕಿಂತಲೂ ಕಡಿಮೆಯಾಯಿತು. 1881ರಲ್ಲಿ ಅವರು ಅದನ್ನು ಪ್ರಕಟಿಸಿದರು. ಟ್ರಕೋಮಾ ಎಂಬ ಇನ್ನೊಂದು ರೋಗವು ನೊಣಗಳಿಂದಲೂ ಕೊಳೆಯಾದ ಕೈಬಟ್ಟೆಗಳಿಂದಲೂ ಹಬ್ಬುವದು. ಅದರ ಸೂಕ್ಷ್ಮಜೀವಿಯನ್ನು ಪೇಕಿಂಗಿನ ಟಾಂಗ್ ಎಂಬ ಪಂಡಿತರು ಕೋಳಿಮೊಟ್ಟೆಯೊಳಗೆ ಬೆಳಿಸಿದರು. ಅದೇ ರೋಗದ ಕಾರಣವೆಂದು ಸ್ಥಾಪಿಸುವದಕ್ಕಾಗಿ ತಮ್ಮ ಸ್ವಂತ ಕಣ್ಣಿಗೇ ಅದನ್ನು ಹಾಕಿಕೊಂಡರು. ಭಾರತದಲ್ಲಿ ಈ ರೋಗವು ಸಾರ್ವಜನಿಕ ಪೀಡೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2024ರಲ್ಲಿ ಸಾರಿದರು.

ಆದರೆ ಹೊಲದಲ್ಲಿ ದುಡಿಯುವ ನಮಗೆ ಹೆಚ್ಚಿನ ಅಪಾಯವು ಬೇರೆ ಇದೆ. ಭತ್ತ ತೂರುವಾಗ ಹೊಟ್ಟು ಹಾರುವದು. ಕಬ್ಬಿನ ಗರಿ ಗೀರುವದು. ಎತ್ತಿನ ಬಾಲ ಬಡಿಯುವದು. ಗೀರು ಕೂದಲೆಳೆಯಷ್ಟೇ ಇರುವದು. ಆದರೆ ಅದರೊಳಗೆ ಬೂಷ್ಟಿನ ಬೀಜವಾಗಲಿ ಸೂಕ್ಷ್ಮಜೀವಿಯಾಗಲಿ ಹೊಕ್ಕರೆ ಎರಡು ಮೂರು ದಿನಗಳಲ್ಲಿ ಹುಣ್ಣಾಗುವದು. ಆಗ ನಮ್ಮವರು ಮಾಡುವದೇನು? ಒಬ್ಬರು ನಂದಿಬಟ್ಟಲ ರಸವನ್ನೂ ಇನ್ನೊಬ್ಬರು ಹೆಂಗಸಿನ ಎದೆಹಾಲನ್ನೂ ಬಿಡುತ್ತಾರೆ. ಮತ್ತೊಬ್ಬರು ನಾಲಿಗೆಯಿಂದ ಕಸ ತೆಗೆಯುತ್ತಾರೆ. ಓದುಬರಹ ಬಲ್ಲವರು ಅಂಗಡಿಯಿಂದ ಯಾವದೋ ತೊಟ್ಟಿನ ಔಷಧವನ್ನು ತರುತ್ತಾರೆ. ರಸದೊಡನೆ ಕೊಳೆಯೂ ಒಳಗೆ ಹೋಗುವದು. ಅಂಗಡಿಯ ಔಷಧಗಳಲ್ಲಿ ಸ್ಟೆರಾಯ್ಡ್ ಎಂಬ ಪದಾರ್ಥ ಬೆರೆತಿದ್ದರೆ ಕೆಂಪು ಇಳಿದು ಗುಣವಾದಂತೆ ತೋರುವದು. ಒಳಗೆ ಬೂಷ್ಟು ನಿರಾತಂಕವಾಗಿ ಬೆಳೆಯುವದು.

ಈ ವಿಷಯದಲ್ಲಿ ನೇಪಾಳದ ಭಕ್ತಪುರ ಎಂಬ ಸೀಮೆಯಲ್ಲಿ ಮಾಡಿದ ಪರೀಕ್ಷೆಯನ್ನು ಪ್ರತಿಯೊಬ್ಬ ರೈತನೂ ತಿಳಿದಿರಬೇಕು. ಅಲ್ಲಿ 34,000ಕ್ಕೂ ಮಿಕ್ಕ ಜನರೊಳಗೆ ಎರಡು ವರುಷ ಗ್ರಾಮಸೇವಕರನ್ನು ನೇಮಿಸಿ, ಕಣ್ಣು ಗೀರಿದವರಿಗೆ ಮೂರು ದಿನ ಸಾಧಾರಣವಾದ ಕ್ಲೋರಾಂಫೆನಿಕಾಲ್ ಮುಲಾಮನ್ನು ಹಚ್ಚಿಸಿದರು. 442 ಮಂದಿಯಲ್ಲಿ 424 ಮಂದಿಗೆ ಹುಣ್ಣಾಗದೆ ವಾಸಿಯಾಯಿತು. ಗಾಯವಾದ 18 ತಾಸುಗಳೊಳಗೆ ಬಂದವರಲ್ಲಿ ಒಬ್ಬರಿಗಾದರೂ ಹುಣ್ಣಾಗಲಿಲ್ಲ. ಈ ವರದಿಯು 2001ರಲ್ಲಿ ಪ್ರಕಟವಾಯಿತು. ನೋಡಿರಿ: ದೊಡ್ಡ ಯಂತ್ರವಿಲ್ಲ, ಬೆಲೆಯುಳ್ಳ ಔಷಧವಿಲ್ಲ, ಬೇಗ ಬಂದದ್ದೇ ಅವರ ಕಣ್ಣನ್ನು ಉಳಿಸಿತು. ಆದ್ದರಿಂದ ಕಣ್ಣು ಗೀರಿದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು.

ಸುಣ್ಣವೂ ಹಾಗೆಯೇ. ಎಲೆ ಅಡಿಕೆಯ ಸುಣ್ಣದ ಚೀಟಿಯನ್ನು ಮಕ್ಕಳು ಹಿಸುಕುವಾಗ ಅದು ಕಣ್ಣಿಗೆ ಸಿಡಿಯುವದು. ಸುಣ್ಣವು ಮುಂಗಾಜನ್ನು ಸುಡುತ್ತಾ ಒಳಕ್ಕೆ ಇಳಿಯುವದು. ಕೂಡಲೆ, ಅಳುವ ಮಗುವನ್ನು ಹಿಡಿದಾದರೂ, ರೆಪ್ಪೆಗಳನ್ನು ಬಿಡಿಸಿ ಸ್ವಚ್ಛವಾದ ನೀರನ್ನು ಅರ್ಧ ತಾಸು ಹೊಯ್ಯುತ್ತಿರಬೇಕು. ಆಮೇಲೆಯೇ ಆಸ್ಪತ್ರೆಗೆ ಹೊರಡಬೇಕು.

ಹೂವು ಬಂದೇ ಬಿಟ್ಟರೆ ಸತ್ತವರ ಕಣ್ಣಿನ ಮುಂಗಾಜನ್ನು ಕಸಿ ಮಾಡಬಹುದು. ಇದು ಮೊದಲು ಸಫಲವಾದದ್ದು 1905ರ ದಶಂಬರ 7ರಂದು, ಈಗ ಚೆಕ್ ದೇಶದಲ್ಲಿರುವ ಓಲೊಮೌಟ್ಸ್ ಪಟ್ಟಣದಲ್ಲಿ. ಸುಣ್ಣ ಅರಳಿಸುವಾಗ ಎರಡು ಕಣ್ಣುಗಳನ್ನೂ ಸುಟ್ಟುಕೊಂಡಿದ್ದ ಒಬ್ಬ ಕೂಲಿಯವನಿಗೆ, ಗಾಯದಿಂದ ತೆಗೆಯಲೇಬೇಕಾಗಿದ್ದ ಒಬ್ಬ ಹುಡುಗನ ಕಣ್ಣಿನ ಪಟಲವನ್ನು ತ್ಸಿರ್ಮ್ ಎಂಬ ವೈದ್ಯರು ಕೂಡಿಸಿದರು. ಅವನಿಗೆ ಒಂದು ಕಣ್ಣು ಬಂತು. ಕನ್ನಡದ ನಟ ರಾಜಕುಮಾರರು 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನಮಾಡಿದರು. ಅವರ ಮಗ ಪುನೀತರು 2021ರಲ್ಲಿ ತೀರಿಕೊಂಡಾಗ, ಒಂದೊಂದು ಪಟಲವನ್ನು ಎರಡು ಪದರಗಳಾಗಿ ಬಿಡಿಸಿ, ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಕೊಟ್ಟರು. ಮರಣವಾದ ಆರು ತಾಸುಗಳೊಳಗೆ ಕಣ್ಣನ್ನು ತೆಗೆಯಬೇಕು. ಮುಖ ಕೆಡುವದಿಲ್ಲ. ಮಣ್ಣಿಗೆ ಹೋಗುವ ಕಣ್ಣು ಇನ್ನೊಬ್ಬನಿಗೆ ಬೆಳಕಾಗುವದಾದರೆ ಅದನ್ನು ಯಾಕೆ ಬಚ್ಚಿಡಬೇಕು?

6. ಕಳ್ಳನಂತೆ ಬರುವ ರೋಗಗಳು

ಈಗ ಎರಡನೆಯ ಮುದುಕಿಯ ಮಾತಿಗೆ ಬರೋಣ. ಕಣ್ಣಿನೊಳಗೆ ಒಂದು ತಿಳಿನೀರು ಸದಾ ಊರಿ ಸದಾ ಹೊರಗೆ ಹರಿದುಹೋಗುತ್ತದೆ. ಕೆರೆಯ ತೂಬು ಕಟ್ಟಿದರೆ ನೀರಿನ ಒತ್ತಡವು ಏರಿಯನ್ನು ಕೆಡಿಸುವ ಹಾಗೆ, ಈ ನೀರಿನ ದಾರಿ ಕಟ್ಟಿದರೆ ಒತ್ತಡವು ಹೆಚ್ಚಿ ದೃಷ್ಟಿನರವು ಎಳೆಎಳೆಯಾಗಿ ಸಾಯುವದು. ಇದಕ್ಕೆ ಗ್ಲಾಕೋಮಾ ಎನ್ನುತ್ತಾರೆ. ಹೆಚ್ಚಾಗಿ ಇದರಲ್ಲಿ ನೋವಿಲ್ಲ, ಕೆಂಪಿಲ್ಲ. ಮೊದಲು ಅಂಚಿನ ದೃಷ್ಟಿ ಹೋಗುವದು. ಎದುರಿಗೆ ಚೆನ್ನಾಗಿ ಕಾಣುವದರಿಂದ ಮನುಷ್ಯನಿಗೆ ತಿಳಿಯುವದೇ ಇಲ್ಲ. ತಿಳಿಯುವಾಗ ಬಹಳ ಭಾಗವು ಹೋಗಿರುವದು.

ನೇತ್ರದರ್ಶಕದಿಂದ ನೋಡಿದ ವೈದ್ಯರಿಗೆ ಈ ರೋಗಿಗಳ ನರದ ಮೊದಲು ಬಟ್ಟಲಿನ ಹಾಗೆ ಗುಳಿಬಿದ್ದದ್ದು ಕಂಡಿತು. ಬರ್ಲಿನಿನ ಫಾನ್ ಗ್ರೇಫೆ ಎಂಬವರು, ಒತ್ತಡವು ಒಮ್ಮೆಲೇ ಏರಿ ಬಹು ನೋವು ಕೊಡುವ ತರದ ಗ್ಲಾಕೋಮಾದಲ್ಲಿ ಬಣ್ಣದ ಪರದೆಯ ಒಂದು ತುಂಡನ್ನು ಕತ್ತರಿಸಿದರೆ ಕಣ್ಣು ಉಳಿಯುವದೆಂದು 1857ರಲ್ಲಿ ತಿಳಿಸಿದರು. ಅದುವರೆಗೆ ಆ ರೋಗಕ್ಕೆ ಔಷಧವೇ ಇಲ್ಲವೆಂದಿದ್ದರು. ಈಗ ಒತ್ತಡವನ್ನು ಅಳೆಯುವ ಯಂತ್ರಗಳೂ, ತಗ್ಗಿಸುವ ತೊಟ್ಟುಗಳೂ ಇವೆ. ಆದರೆ ಇವೆಲ್ಲಾ ಉಳಿದದ್ದನ್ನು ಕಾಯುವವೇ ಹೊರತು ಹೋದದ್ದನ್ನು ತರುವವಲ್ಲ. ಆದಕಾರಣ 40 ವರುಷ ದಾಟಿದವರೂ, ಈ ರೋಗವುಳ್ಳವರ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಮಕ್ಕಳೂ ಕಣ್ಣು ಚೆನ್ನಾಗಿರುವಾಗಲೇ ತೋರಿಸಬೇಕು.

ಸಕ್ಕರೆ ಕಾಯಿಲೆಯು ಎರಡನೆಯ ಕಳ್ಳನು. ಅದು ಅಕ್ಷಿಪಟಲದ ಸಣ್ಣ ರಕ್ತನಾಳಗಳನ್ನು ಕೆಡಿಸಿ ಒಳಗೆ ರಕ್ತ ಸುರಿಸುವದು. ಇದರ ಚಿಕಿತ್ಸೆಯ ಮೂಲವೂ ಆಶ್ಚರ್ಯವಾದದ್ದು. 1945ರ ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿ ಅಕ್ಷಿಪಟಲ ಸುಟ್ಟುಹೋದವರನ್ನು ಜರ್ಮನಿಯ ಮೇಯರ್-ಶ್ವಿಕೆರಾತ್ ಎಂಬ ವೈದ್ಯರು ಕಂಡರು. ಕೆಡಿಸುವ ಬೆಳಕನ್ನೇ ಅಳತೆಯಲ್ಲಿ ಉಪಯೋಗಿಸಿ ರೋಗವನ್ನು ಸುಡಬಾರದೇಕೆ ಎಂದು ಯೋಚಿಸಿ, ಸೂರ್ಯನ ಬೆಳಕಿನಿಂದ ಪ್ರಯೋಗಗಳನ್ನು ಆರಂಭಿಸಿದರು. ಅದೇ ಮುಂದೆ ಲೇಸರ್ ಚಿಕಿತ್ಸೆಯಾಯಿತು. ಸಮಯಕ್ಕೆ ಸರಿಯಾಗಿ ಮಾಡಿದರೆ ಸಕ್ಕರೆ ರೋಗಿಗಳ ತೀವ್ರ ದೃಷ್ಟಿನಾಶವು ಅರ್ಧಕ್ಕಿಂತ ಕಡಿಮೆಯಾಗುವದೆಂದು 1976ರಲ್ಲಿ ಅಮೇರಿಕದ ದೊಡ್ಡ ಪರೀಕ್ಷೆಯು ತೋರಿಸಿತು. ಆದದರಿಂದ ಸಕ್ಕರೆ ಕಾಯಿಲೆಯವರು ವರುಷಕ್ಕೊಮ್ಮೆ ಕಣ್ಣಿನ ಒಳಗನ್ನು ಪರೀಕ್ಷೆ ಮಾಡಿಸತಕ್ಕದ್ದು. ಕಾಣುತ್ತದೆ ಎಂಬದು ರೋಗವಿಲ್ಲವೆಂಬದಕ್ಕೆ ಸಾಕ್ಷಿಯಲ್ಲ.

7. ಈ ಚರಿತ್ರೆಯಿಂದ ಕಲಿಯುವದೇನು?

ಮೊದಲನೆಯದು, ಕುರುಡುತನವೆಂಬದು ಒಂದೇ ರೋಗವಲ್ಲ. ಪರೀಕ್ಷಿಸದೆ “ವಯಸ್ಸಾಯಿತು” ಎಂದು ಹೇಳುವವನು ಅರಿಯದೆ ತೀರ್ಪು ಕೊಡುತ್ತಾನೆ. ಎರಡನೆಯದು, ಈ ಸತ್ಯಗಳನ್ನು ಕಂಡವರು ಕಣ್ಣೆದುರಿನ ಸಣ್ಣ ಸಂಗತಿಯನ್ನು ತಾತ್ಸಾರ ಮಾಡಲಿಲ್ಲ. ಮೀನುಗಾರರ ಮಕ್ಕಳನ್ನೂ, ವಿಮಾನದ ಚೂರನ್ನೂ, ಗ್ರಹಣ ನೋಡಿ ಕೆಟ್ಟ ಕಣ್ಣನ್ನೂ ಅವರು ಗಮನಿಸಿದರು. ಸಂಜೆಯಲ್ಲಿ ಎಡವುವ ನಮ್ಮ ಮಗುವನ್ನು ನಾವೂ ಗಮನಿಸಬೇಕು. ಮೂರನೆಯದು, ಬಹು ಜನರ ಕಣ್ಣು ಹೋಗುವದು ಔಷಧವಿಲ್ಲದ್ದರಿಂದಲ್ಲ, ತಡಮಾಡಿದ್ದರಿಂದ. ಸುಗ್ಗಿ ಮುಗಿಯಲಿ, ಮದುವೆ ಮುಗಿಯಲಿ, ಮಗ ಊರಿಂದ ಬರಲಿ ಎಂದು ದಿನ ನೂಕುತ್ತೇವೆ. ಹೆಂಗಸರ ಸರದಿಯಂತೂ ಎಲ್ಲರ ತರುವಾಯ ಬರುವದು. ಪೊರೆಯು ಕಾಯಬಹುದು, ಗ್ಲಾಕೋಮಾ ಕಾಯುವದಿಲ್ಲ, ಹುಣ್ಣು ಕಾಯುವದಿಲ್ಲ. ಯಾವದು ಯಾವದೆಂದು ನಮ್ಮ ಕಣ್ಣಿಗೆ ತಿಳಿಯದಾದದರಿಂದ ಯಾವದಕ್ಕೂ ಕಾಯಕೂಡದು.

ಈ ಪಾಠವನ್ನು ಓದಿದವರು ಓದಲಾರದವರಿಗೆ ಓದಿ ಹೇಳಿರಿ. ನಿಮ್ಮ ಬೀದಿಯಲ್ಲಿ ಜಗಲಿಯ ಮೇಲೆ ಕೂತಿರುವ ಅಜ್ಜಿ ಇದ್ದರೆ, ಬರುವ ವಾರವೇ ಅವರ ಕೈ ಹಿಡಿದು ಆಸ್ಪತ್ರೆಗೆ ಕರಕೊಂಡು ಹೋಗಿರಿ. ಅವರು ಮೊದಲನೆಯ ಮುದುಕಿಯೋ ಎರಡನೆಯವಳೋ ಎಂಬದು ಅಲ್ಲಿ ತಿಳಿಯುವದು.

ಪ್ರಶ್ನೆಗಳು

1. ಬೆಳಕು ಕಣ್ಣಿನ ಯಾವ ಯಾವ ಭಾಗಗಳನ್ನು ದಾಟಿ ಮೆದುಳಿಗೆ ವರ್ತಮಾನವಾಗಿ ಮುಟ್ಟುವದು?
2. ಪೊರೆಯೆಂಬ ಹೆಸರು ಯಾಕೆ ತಪ್ಪು ಎಣಿಕೆಯನ್ನು ಹುಟ್ಟಿಸುವದು? ಅದನ್ನು ಔಷಧದಿಂದ ಯಾಕೆ ಕರಗಿಸಲಾಗದು?
3. ಡೆನ್ಮಾರ್ಕಿನ ಮಕ್ಕಳ ಕಣ್ಣು ಯಾಕೆ ಕೆಟ್ಟಿತು? ನಮ್ಮ ಮನೆಯಲ್ಲಿ ಅಂಥ ತಪ್ಪು ನಡೆಯುತ್ತದೋ?
4. ಕಣ್ಣಿಗೆ ಹೊಟ್ಟು ಬಡಿದರೆ ಏನು ಮಾಡಬೇಕು, ಏನು ಮಾಡಕೂಡದು? ಸುಣ್ಣ ಸಿಡಿದರೆ ಏನು ಮಾಡಬೇಕು?
5. ಗ್ಲಾಕೋಮಾ ಇರುವವರಿಗೆ ಅದು ಯಾಕೆ ತಿಳಿಯುವದಿಲ್ಲ? ಯಾರು ವಿಶೇಷವಾಗಿ ಪರೀಕ್ಷೆ ಮಾಡಿಸಬೇಕು?
6. ನಿಮ್ಮ ಗ್ರಾಮದಲ್ಲಿ ಕಣ್ಣು ತೋರಿಸದೆ ಇರುವವರು ಯಾರಾರು? ಅವರಲ್ಲಿ ಯಾರನ್ನು ನೀವು ಕರಕೊಂಡು ಹೋಗುವಿರಿ?